ಕ್ಯಾರವಾನ್ ಎಳೆಯಲು ಫೋರ್ ವೀಲ್ ಡ್ರೈವ್ ಬೇಕೆ?



ಬೇಸಿಗೆ ರಜೆ ಹತ್ತಿರ ಬಂದಂತೆ ನಮ್ಮ ಕೂಟಗಳಲ್ಲಿ ಬಿಸಿಬೇಳೆಭಾತಿನ ತಟ್ಟೆ ಹಿಡಿದುಕೊಂಡೇ ಒಂದು ಚರ್ಚೆ ಶುರುವಾಗುತ್ತದೆ: ಕ್ಯಾರವಾನ್ ಎಳೆಯಲು ಫೋರ್ ವೀಲ್ ಡ್ರೈವ್ ಕಾರು ಬೇಕೋ ಬೇಡವೋ? ಕಳೆದ ಸಲ ರಾಟರ್‌ಡ್ಯಾಮಿನ ಸ್ನೇಹಿತರೊಬ್ಬರು ಇದ್ದ ಕಾರು ಮಾರಿ, ಮೇಲಷ್ಟು ಸಾಲ ಮಾಡಿ ದೊಡ್ಡ ಎಸ್‌ಯುವಿ ಕೊಳ್ಳುವ ತಯಾರಿಯಲ್ಲಿದ್ದರು. "ಮಕ್ಕಳನ್ನು ಕೂರಿಸಿಕೊಂಡು ಆಲ್ಪ್ಸ್ ಹತ್ತಬೇಕಲ್ಲ, ಸೇಫ್ಟಿ ಮುಖ್ಯ" ಎಂದರು. ಸೇಫ್ಟಿ ಮುಖ್ಯ ಎಂಬುದಕ್ಕೆ ನನ್ನ ತಕರಾರಿಲ್ಲ. ದುಡ್ಡು ತಪ್ಪು ಕಡೆ ಹೋಗುತ್ತಿದೆ ಎಂಬುದಷ್ಟೇ ನನ್ನ ವಾದ.

ನಮ್ಮಲ್ಲಿ ಮಲೆನಾಡಿನವರಿಗೆ ಈ ವ್ಯಾಮೋಹ ಸಹಜವೇ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಮಳೆಗಾಲದ ಕೆಸರಿನಲ್ಲಿ ಜೀಪು ಗುರುಗುಟ್ಟುತ್ತಾ ಏರುವುದನ್ನು ನೋಡಿ ಬೆಳೆದವರು ನಾವು. ಆದರೆ ನಾವೀಗ ಇರುವುದೆಲ್ಲಿ? ರಾಟರ್‌ಡ್ಯಾಮಿನ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಸುಮಾರು 6.7 ಮೀಟರ್ ಕೆಳಗಿರುವ, ದೇಶದ ಅತಿ ತಗ್ಗಿನ ಜಾಗವೂ ಇಲ್ಲೇ ಪಕ್ಕದಲ್ಲಿದೆ. ಇಲ್ಲಿನವರು ಬೆಟ್ಟವೆಂದು ಹೆಮ್ಮೆಪಡುವ ಫಾಲ್ಸರ್‌ಬರ್ಗ್‌ನ ಎತ್ತರ 322 ಮೀಟರ್. ಆಗುಂಬೆಯವರು ನಕ್ಕಾರು.

ಹಾಗಾದರೆ ಫೋರ್ ವೀಲ್ ಡ್ರೈವ್ ಬರೀ ಜಂಬವೇ? ಅಲ್ಲ. ನಾನೇ ಪಾಠ ಕಲಿತವನು. ಒಂದು ಮೇ ರಜೆಯಲ್ಲಿ ಆರ್ಡೆನ್ಸ್‌ನ ಊರ್ತ್ ನದಿ ದಡದ ಕ್ಯಾಂಪಿಂಗ್‌ನಲ್ಲಿ ನಾಲ್ಕು ದಿನ ಇದ್ದೆವು. ಮೂರನೆಯ ರಾತ್ರಿ ಮಳೆ ಹಿಡಿಯಿತು. ಹೊರಡುವ ಬೆಳಿಗ್ಗೆ ಕಾರಿನ ಮುಂದಿನ ಚಕ್ರಗಳು ಹುಲ್ಲಿನ ಮೇಲೆ ಗಿರಗಿರ ತಿರುಗಿದವೇ ಹೊರತು ಗಾಡಿ ಒಂದಡಿ ಅಲುಗಲಿಲ್ಲ. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಯಿತು. ಹಿಂದಿನಿಂದ ತಳ್ಳುತ್ತಿದ್ದ ಮನೆಯವರು, ಮಗ ಇಬ್ಬರಿಗೂ ಕೆಸರಿನ ಅಭಿಷೇಕ. ಕೊನೆಗೆ ಒಬ್ಬ ರೈತರು ಟ್ರ್ಯಾಕ್ಟರ್ ತಂದು ಎಳೆದರು. ಅದೇ ಹುಲ್ಲಿನ ಮೇಲೆ ಪಕ್ಕದ ಡಚ್ ಅಜ್ಜನ ಹಳೆಯ ಫೋರ್ ವೀಲ್ ಡ್ರೈವ್ ಕಾರು ಸದ್ದಿಲ್ಲದೆ ತನ್ನ ಕ್ಯಾರವಾನ್ ಎಳೆದುಕೊಂಡು ಹೋಯಿತು.

ಇದಕ್ಕೆ ಕಾರಣ ಸರಳ. ಕ್ಯಾರವಾನಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಹೇರುವ ಭಾರಕ್ಕೆ ಡಚ್ಚರು ಕೋಖಲ್‌ಡ್ರುಕ್ ಎನ್ನುತ್ತಾರೆ. ಅದು 75 ಕಿಲೋ ಎಂದಿಟ್ಟುಕೊಳ್ಳಿ. ಕೊಕ್ಕೆ ಹಿಂದಿನ ಚಕ್ರಕ್ಕಿಂತ ಒಂದು ಮೀಟರ್ ಹಿಂದಿದ್ದು, ಎರಡು ಜೋಡಿ ಚಕ್ರಗಳ ನಡುವಿನ ಅಂತರ 2.6 ಮೀಟರ್ ಇದ್ದರೆ, ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 29 ಕಿಲೋ ಕಡಿಮೆಯಾಗುತ್ತದೆ. ಏರಿನಲ್ಲಿ ಇನ್ನಷ್ಟು. ಅಂದರೆ ಮುಂದಿನ ಚಕ್ರದಿಂದ ಓಡುವ ಕಾರಿಗೆ ಹಿಡಿತ ಬೇಕಾದ ಹೊತ್ತಿಗೇ ಹಿಡಿತ ಸಡಿಲ. ಎತ್ತಿನ ಗಾಡಿಗೆ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಚಕ್ರದಿಂದ ಓಡುವ ಕಾರಿಗೆ ಇದೇ ಭಾರ ಲಾಭ. ಈಗ ಬರುತ್ತಿರುವ ಹಲವು ಎಲೆಕ್ಟ್ರಿಕ್ ಕಾರುಗಳು ಆ ಜಾತಿಯವು.

ಒದ್ದೆ ಹುಲ್ಲು, ಏರಿನಲ್ಲಿ ನಿಂತು ಹೊರಡುವುದು, ಹಿಮ. ನಾಲ್ಕು ಚಕ್ರದ ಬಲ ಬೇಕಾಗುವುದು ಇಂಥ ಕಡೆ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ನಿಮಿಷವಾದರೆ ಹೆಚ್ಚು. ಆ ಹತ್ತು ನಿಮಿಷಕ್ಕೆ ಚಕ್ರದಡಿ ಹಾಸುವ ಪ್ಲಾಸ್ಟಿಕ್ ಹಲಗೆಗಳಿವೆ, ಕ್ಯಾರವಾನಿನ ಚಕ್ರಕ್ಕೇ ಮೋಟಾರು ಕೂರಿಸುವ ಮೂವರ್ ಇದೆ, ಗಟ್ಟಿ ನೆಲದ ಜಾಗ ಕೊಡಿ ಎಂದು ಬುಕಿಂಗ್ ಮಾಡುವಾಗಲೇ ಕೇಳುವ ಬಾಯಿಯೂ ಇದೆ.

ಸ್ನೇಹಿತರು ಭಯಪಡುತ್ತಿದ್ದ ಆಲ್ಪ್ಸ್‌ನಲ್ಲಿ ನಿಜವಾದ ಅಪಾಯ ಇಳಿಜಾರಿನದು. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಇದೆ. ಅಲ್ಲಿ ಫೋರ್ ವೀಲ್ ಡ್ರೈವ್‌ನಿಂದ ಏನೂ ಹೆಚ್ಚಾಗುವುದಿಲ್ಲ. ಇಳಿಯುವಾಗ ಕೆಳ ಗೇರು, ಹಿಮಕಾಲದಲ್ಲಿ ವಿಂಟರ್ ಟೈರು ಮುಖ್ಯ. ಇನ್ನು ಹೈವೇಯಲ್ಲಿ ಕ್ಯಾರವಾನ್ ಹಾವಿನಂತೆ ಅತ್ತಿತ್ತ ಆಡತೊಡಗಿದರೆ, ಅದನ್ನೂ ಫೋರ್ ವೀಲ್ ಡ್ರೈವ್ ತಡೆಯದು. ಅದರ ಮೂಲ ವೇಗದಲ್ಲಿ ಮತ್ತು ಸಾಮಾನು ತುಂಬಿದ ರೀತಿಯಲ್ಲಿದೆ. ನಮ್ಮವರು ಅಕ್ಕಿ ಮೂಟೆ, ಕುಕ್ಕರು, ನೀರಿನ ಕ್ಯಾನು ಎಲ್ಲವನ್ನೂ ಹಿಂದಿನ ತುದಿಗೆ ತುರುಕುವುದನ್ನು ಕಣ್ಣಾರೆ ಕಂಡಿದ್ದೇನೆ. ಭಾರದ್ದು ಚಕ್ರದ ಮೇಲೆ, ತಗ್ಗಿನಲ್ಲಿ ಇರಬೇಕು. ಈ ದೇಶದಲ್ಲಿ ವೇಗದ ಮಿತಿ 90, ಜರ್ಮನಿಯಲ್ಲಿ ವಿಶೇಷ ಪರವಾನಗಿ ಇಲ್ಲದಿದ್ದರೆ 80.

ಸ್ನೇಹಿತರು ಯೋಚಿಸಿರದ ಇನ್ನೊಂದು ವಿಷಯ ಲೈಸೆನ್ಸ್. ನಮ್ಮಲ್ಲಿ ಅನೇಕರು ಶೇ. 30 ತೆರಿಗೆ ಸೌಲಭ್ಯದ ಆಧಾರದ ಮೇಲೆ ಭಾರತದ ಲೈಸೆನ್ಸ್ ಕೊಟ್ಟು ಇಲ್ಲಿನ ಬಿ ಲೈಸೆನ್ಸ್ ಪಡೆದವರು. ಟ್ರೇಲರ್ 750 ಕಿಲೋ ಮೀರಿದರೆ, ಬಿ ಲೈಸೆನ್ಸ್‌ನಲ್ಲಿ ಕಾರು ಮತ್ತು ಟ್ರೇಲರ್‌ಗಳ ಅನುಮತಿಸಿದ ಗರಿಷ್ಠ ತೂಕ ಎರಡೂ ಸೇರಿ 3500 ಕಿಲೋ ದಾಟುವಂತಿಲ್ಲ. 2000 ಕಿಲೋ ಮಿತಿಯ ಕಾರಿಗೆ 1300 ಕಿಲೋ ಕ್ಯಾರವಾನ್ ಸರಿಹೋಗುತ್ತದೆ. ಅದೇ ಕ್ಯಾರವಾನನ್ನು 2700 ಕಿಲೋ ಮಿತಿಯ ಎಸ್‌ಯುವಿಗೆ ಕಟ್ಟಿದರೆ 4000! ಆಗ ಬಿ ಪ್ಲಸ್ ಅಥವಾ ಬಿಇ ಬೇಕು. ಸೇಫ್ಟಿಗೆಂದು ಕೊಂಡ ಕಾರು ಮೊದಲ ದಿನವೇ ನಿಮ್ಮನ್ನು ಕಾನೂನಿನ ಹೊರಗೆ ನಿಲ್ಲಿಸಬಹುದು. ರಸ್ತೆ ತೆರಿಗೆಯೂ ಕಾರಿನ ತೂಕ ನೋಡಿಯೇ ಬೀಳುತ್ತದೆ. ಅದು ವರ್ಷದ ಹನ್ನೆರಡು ತಿಂಗಳೂ.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಕೆಲವು ಮಾದರಿಗಳಲ್ಲಿ ಫೋರ್ ವೀಲ್ ಡ್ರೈವ್ ಇರುವ ಕಾರಿಗೆ ಎಳೆಯುವ ಮಿತಿ ಹೆಚ್ಚು. ಹೇಗೂ ಹೊಸ ಕಾರು ಕೊಳ್ಳುವವರು, ಪ್ರತಿ ಚಳಿಗಾಲ ಹಿಮಕ್ಕೆ ಹೋಗುವವರು ಕೊಂಡರೆ ನಾನು ಬೇಡವೆನ್ನೆ. ಸಾಲ ಮಾಡಿ ಬೇಡ, ಅಷ್ಟೇ.

ಅಂದಹಾಗೆ, ಸ್ನೇಹಿತರು ಸದ್ಯಕ್ಕೆ ಹಳೆಯ ಕಾರಿನಲ್ಲೇ ಇದ್ದಾರೆ. 750 ಕಿಲೋ ಒಳಗಿನ ಮಡಚುವ ಟೆಂಟ್ ಟ್ರೇಲರ್ ಒಂದನ್ನು ನೋಡಿ ಬಂದಿದ್ದಾರೆ. ಕೋಖಲ್‌ಡ್ರುಕ್ ಅಳೆಯುವ ಪುಟ್ಟ ಸಾಧನ ನನ್ನಲ್ಲಿದೆ. ಹೊರಡುವ ಮುನ್ನ ಯಾರಿಗಾದರೂ ಬೇಕಿದ್ದರೆ ಮುಂದಿನ ಕೂಟಕ್ಕೆ ತರುತ್ತೇನೆ. ವಾಪಸ್ ಮಾತ್ರ ಕೊಡಿ.