ನೆಲ ತೊಳೆಯುವ ಯಂತ್ರವೂ ಎರೆಮಣ್ಣಿನ ಭೂಸಂಪರ್ಕವೂ

ಕಸಬರಿಗೆ, ಬಕೀಟುಗಳ ಸ್ಥಾನದಲ್ಲಿ ವಿದ್ಯುತ್ತಿನಿಂದ ನಡೆಯುವ ನೆಲ ತೊಳೆಯುವ ಯಂತ್ರಗಳು ಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ದಿನವಿಡೀ ಬಗ್ಗಿ ಫರಸಿ ತಿಕ್ಕುವವರ ಬೆನ್ನಿಗೆ ಇದರಿಂದ ಬಿಡುವು ದೊರೆಯುತ್ತದೆ. ಆದರೆ ನೀರು, ವಿದ್ಯುತ್ತು, ಮನುಷ್ಯ ಈ ಮೂರೂ ಒಂದೇ ನೆಲದ ಮೇಲೆ ಕೂಡುವಲ್ಲಿ ಬೆಲೆಯನ್ನಷ್ಟೇ ವಿಚಾರಿಸಿ ಯಂತ್ರವನ್ನು ಕೊಳ್ಳುವುದು ಸಾಲದೆಂಬುದು ನಮ್ಮ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ನಮ್ಮ ಕಟ್ಟಡಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ಒದ್ದೆ ಕೈಕಾಲುಗಳುಳ್ಳ ಮನುಷ್ಯನ ದೇಹದ ರೋಧವನ್ನು ಸುಮಾರು 1,000 ಓಮ್ ಎಂದು ಹಿಡಿದರೆ, ಆತನಲ್ಲಿ ಹರಿಯುವ ಪ್ರವಾಹ 230 ಮಿಲಿಅಂಪೇರ್. ಹೃದಯದ ಬಡಿತವನ್ನು ಕೆಡಿಸಲು ಇಷ್ಟು ಧಾರಾಳವಾಗಿ ಸಾಕು. ಆದರೆ 5 ಅಂಪೇರಿನ ಫ್ಯೂಜಿಗೆ ಇದು ಗಣನೆಗೇ ಬಾರದು. ಫ್ಯೂಜು ಇರುವುದು ತಂತಿಯ ರಕ್ಷಣೆಗೆ.

ಭೂಸಂಪರ್ಕವಿದೆಯಲ್ಲ ಎಂದು ಕೆಲವರು ಕೇಳಬಹುದು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಎರೆಮಣ್ಣು ಹೆಚ್ಚು. ಅದರಡಿಯಲ್ಲಿ ಬಸಾಲ್ಟ್ ಶಿಲೆ. ತೇವವಿರುವಾಗ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ, ಬಿರಿದು, ನೆಟ್ಟ ಸಲಾಕೆಯನ್ನು ಬಿಟ್ಟು ಸರಿಯುತ್ತದೆ. ರೋಧವು 50 ಓಮಿಗೆ ಏರಿತೆನ್ನೋಣ. ಆಗ ಯಂತ್ರದ ಲೋಹದ ಮೈಗೆ ತಂತಿ ತಗುಲಿದರೂ ಭೂಮಿಗಿಳಿಯುವ ಪ್ರವಾಹ 4.6 ಅಂಪೇರ್ ಮಾತ್ರ. ಫ್ಯೂಜು ಕರಗದು, ಯಂತ್ರವು ವಿದ್ಯುತ್ತನ್ನು ಮೈಯಲ್ಲಿ ಹೊತ್ತೇ ನಿಂತಿರುತ್ತದೆ.

ಈ ಕೊರತೆಯನ್ನು ನೀಗಲೆಂದೇ ಆರ್.ಸಿ.ಸಿ.ಬಿ. ಎಂಬ ಉಪಕರಣವಿದೆ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಅಂಪೇರಿನ ವ್ಯತ್ಯಾಸ ಕಂಡರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ ಅದು ಸಂಪರ್ಕವನ್ನು ಕಡಿಯುತ್ತದೆ. ಇದು ಸರ್ವರೋಗಕ್ಕೂ ಮದ್ದಲ್ಲ. ಎರಡು ತಂತಿಗಳನ್ನೂ ಒಟ್ಟಿಗೆ ಮುಟ್ಟಿದವನನ್ನು ಉಳಿಸಲಾರದು. ಆದುದರಿಂದ ಭೂಸಂಪರ್ಕವೂ ಬೇಕು, ಇದೂ ಬೇಕು.

ಇನ್ನು ಹಿಡಿಯ ವಿಚಾರ. 43 ಸೆಂಟಿಮೀಟರ್ ವ್ಯಾಸದ ಬ್ರಷ್ಷು ನಿಮಿಷಕ್ಕೆ 150 ಸಲ ಸುತ್ತಿದರೆ ಅದರ ಅಂಚು ಸೆಕೆಂಡಿಗೆ 3 ಮೀಟರಿಗೂ ಮಿಕ್ಕಿ ಓಡುತ್ತದೆ. ಕೈ ತಪ್ಪಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ, ಯಂತ್ರದ ಒಡಲೇ ವಿರುದ್ಧ ದಿಕ್ಕಿಗೆ ತಿರುಗಿ ಹತ್ತಿರದವರಿಗೆ ಬಡಿದೀತು. ಕೈ ಬಿಟ್ಟೊಡನೆ ಮೋಟಾರನ್ನು ನಿಲ್ಲಿಸುವ ಸನ್ನೆ ಹಿಡಿಯಲ್ಲಿರುವುದು ಇದಕ್ಕಾಗಿಯೇ. ಅದನ್ನು ದಾರದಿಂದ ಬಿಗಿದು ಕಟ್ಟುವುದು ರಕ್ಷಣೆಯನ್ನೇ ಕಿತ್ತೆಸೆದಂತೆ.

‘ಈ ಉಪಕರಣಗಳು ಮೇಲಿಂದ ಮೇಲೆ ಕಡಿದು ಕೆಲಸವನ್ನು ಕೆಡಿಸುತ್ತವೆ’ ಎಂಬ ಆಕ್ಷೇಪವಿದೆ. ಬಹಳ ಸಲ ಅದು ಎಲ್ಲಿಯೋ ಸೋರಿಕೆಯಿದೆಯೆಂಬ ಸೂಚನೆ. ಸರಿಪಡಿಸತಕ್ಕದ್ದು ಸವೆದ ಕೇಬಲ್ಲನ್ನು. ಉಪಕರಣವನ್ನು ತೆಗೆದುಹಾಕುವುದು ಪರಿಹಾರವಲ್ಲ.

ಯಂತ್ರವನ್ನು ಆರಿಸುವವರು ಒಬ್ಬರು, ಅದರ ಹಿಡಿಯನ್ನು ಹಿಡಿಯುವವರು ಇನ್ನೊಬ್ಬರು. ಹೀಗಿರಲು ‘ಎಚ್ಚರಿಕೆಯಿಂದಿರಿ’ ಎಂದು ಕೆಲಸಗಾರರಿಗೆ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಆಸ್ಪತ್ರೆ, ಕಲ್ಯಾಣ ಮಂಟಪ, ಕಾಲೇಜುಗಳ ಆಡಳಿತ ನಡೆಸುವ ವಾಚಕರು ಹಣ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ: ಕೈ ಬಿಟ್ಟರೆ ಯಂತ್ರ ನಿಲ್ಲುವುದೆ? ಗೋಡೆಯ ಸಂಪರ್ಕಕ್ಕೆ 30 ಮಿಲಿಅಂಪೇರಿನ ರಕ್ಷಣೆಯಿದೆಯೆ? ಭೂಸಂಪರ್ಕದ ರೋಧವನ್ನು ಬೇಸಿಗೆಯಲ್ಲಿ ಅಳೆಯಲಾಗಿದೆಯೆ? ಮಳೆಗಾಲದ ಅಳತೆಯನ್ನು ನಂಬಿ ಚೈತ್ರ ವೈಶಾಖಗಳಲ್ಲಿ ಯಂತ್ರ ನಡೆಸುವುದು ನಮ್ಮ ಸೀಮೆಗೆ ಸಲ್ಲದು.