ಬಿಸಿಯನ್ನೇ ತೋರಿಸುವ ಸಿನಿಮಾ



ಜಹೀರಾಬಾದ್, ನಾರಾಯಣಖೇಡದಿಂದ ಸರಕಿಗಾಗಿ ಹೈದರಾಬಾದಿಗೆ ಹೋಗುವ ನಾವು ಸಂಗಾರೆಡ್ಡಿಯ ಮೇಲೇ ಹೋಗುತ್ತೇವೆ. ಆ ಕಡೆಯ ಭಾನೂರಿನಲ್ಲಿ ಭಾರತ್ ಡೈನಾಮಿಕ್ಸ್ ಕಾರ್ಖಾನೆಯಿದೆ. ಟ್ಯಾಂಕ್ ಹೊಡೆಯುವ ಕ್ಷಿಪಣಿಗಳು ಅಲ್ಲಿ ತಯಾರಾಗುತ್ತವೆ. ಕ್ಷಿಪಣಿಯ ಮಾತು ನಮ್ಮ ಪತ್ರಿಕೆಯಲ್ಲೇಕೆ ಎಂದು ಹಿರಿಯರು ಕೇಳಿಯಾರು. ಗೃಹಸ್ಥನ ವಿರೋಧಿ ಹಿಂಸೆಯನ್ನು ಶಾಸ್ತ್ರ ಬೇರೆಯಾಗಿಯೇ ಎಣಿಸಿದೆ; ಆ ಚರ್ಚೆ ವಿದ್ವಾಂಸರಿಗಿರಲಿ. ನಾನು ಹೇಳುವುದು ಪರೀಕ್ಷೆಯ ವಿಷಯ. ಕಾಟಾಕ್ಕೆ ಮುದ್ರೆ ಹಾಕಿಸುವ ವ್ಯಾಪಾರಿಗೆ ಅದು ಸುಲಭವಾಗಿ ತಿಳಿಯುತ್ತದೆ.

ನಮ್ಮ ದೇಶದ 'ನಾಗ್' ಕ್ಷಿಪಣಿ ಗುರಿಯನ್ನು ಹುಡುಕುವುದು ಬೆಳಕಿನಿಂದಲ್ಲ, ಬಿಸಿಯಿಂದ. ಬಿಸಿ ವಸ್ತುಗಳು ಅವಕೆಂಪು, ಅಂದರೆ ಇನ್‌ಫ್ರಾರೆಡ್ ಕಿರಣ ಸೂಸುತ್ತವೆ. ಕ್ಷಿಪಣಿಯ ಮೂತಿಯಲ್ಲಿರುವ ಕಣ್ಣು ಅದನ್ನು ಚಿತ್ರವಾಗಿ ನೋಡುತ್ತದೆ.

ತೊಡಕು ಎಲ್ಲಿ? ತಾಂಡೂರಿನ ಫರಸಿ ಕಲ್ಲಿನ ಅಂಗಳ ನೆನೆಯಿರಿ. ಸೂರ್ಯ ಮುಳುಗಿದ ಮೇಲೂ ಕಲ್ಲು ಕಾವು ಬಿಡುತ್ತಲೇ ಇರುತ್ತದೆ. ಅಲ್ಲಿ ನಿಂತ ಲಾರಿಯ ತಗಡು ಮಾತ್ರ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಎರಡರ ಬಿಸಿಯೂ ಸಮನಾಗುವ ಗಳಿಗೆ ಬರುತ್ತದೆ. ಆಗ ಬಿಸಿ ನೋಡುವ ಕಣ್ಣಿಗೆ ಲಾರಿ ಕಲ್ಲಿನಲ್ಲಿ ಕರಗಿಹೋಗುತ್ತದೆ. ರಾಜಸ್ಥಾನದ ಬೇಸಗೆಯಲ್ಲೂ ನಾಗ್‌ಗೆ ದೂರದ ಗುರಿಯನ್ನು ಸುತ್ತಲಿನ ಕಾವಿನಿಂದ ಬೇರ್ಪಡಿಸುವುದು ಕಷ್ಟವಾಗಿ, ಕಣ್ಣನ್ನೇ ಸುಧಾರಿಸಬೇಕಾಯಿತು. ಕಣ್ಣು ತಪ್ಪಿದರೆ ಸಾಯುವವರು ನಮ್ಮ ಜವಾನರು.

ಪ್ರತಿ ಸಲ ಹಾರಿಸಿಯೇ ನೋಡೋಣವೆಂದರೆ ಕ್ಷಿಪಣಿಯೂ ಹೋಯಿತು, ಹಣವೂ ಹೋಯಿತು. ನಿನ್ನೆಯ ಬಿಸಿಲು ಇಂದು ಸಿಗುವುದೂ ಇಲ್ಲ. ಆದ್ದರಿಂದ ಮರುಭೂಮಿಯನ್ನೇ ಕೋಣೆಯೊಳಗೆ ತರುತ್ತಾರೆ. ಹೈದರಾಬಾದಿನಲ್ಲಿ ಡಾ. ಅಬ್ದುಲ್ ಕಲಾಂ ಅವರು 1988ರಲ್ಲಿ ಕಟ್ಟಿದ ರಿಸರ್ಚ್ ಸೆಂಟರ್ ಇಮಾರತ್‌ನಲ್ಲಿ 'ಹಾರ್ಡ್‌ವೇರ್ ಇನ್ ದಿ ಲೂಪ್' ಪರೀಕ್ಷಾಗಾರವಿದೆ. ಇಂಥ ಕಡೆ ಹಾರಾಟವೆಲ್ಲ ಕಂಪ್ಯೂಟರಿನ ಲೆಕ್ಕ. ಕ್ಷಿಪಣಿಯ ಭಾಗ ಮಾತ್ರ ನಿಜವಾದದ್ದು.

ಕಣ್ಣಿಗೆ ತೋರಿಸುವ ಯಂತ್ರವೇ ಬಿಸಿಯ ಪ್ರೊಜೆಕ್ಟರ್. ಅದರ ಒಂದು ಬಗೆಯಲ್ಲಿ ಚಿಕ್ಕ ಬಿಲ್ಲೆಯ ಮೇಲೆ 512 ಸಾಲು, ಸಾಲಿಗೆ 512ರಂತೆ ಅತಿ ಸಣ್ಣ ಹೀಟರುಗಳು, ಒಟ್ಟು 2,62,144. ಒಂದೊಂದಕ್ಕೂ ಬೇರೆ ಬೇರೆ ವಿದ್ಯುತ್ ಕೊಟ್ಟರೆ ಟ್ಯಾಂಕು, ಮರಳು, ಪೊದೆ ಎಲ್ಲವೂ ಬಿಸಿಯಲ್ಲೇ ಮೂಡುತ್ತವೆ. ಈ ಕಿರಣ ಸಾಧಾರಣ ಗಾಜಿನಲ್ಲಿ ಹಾಯದು. ಜರ್ಮೇನಿಯಂನಂಥ ವಸ್ತುವಿನ ಲೆನ್ಸೇ ಬೇಕು. ಎಲ್ಲ ಕಡೆ ತಿರುಗುವ ಮೇಜಿನ ಮೇಲೆ ಕೂತ ಕಣ್ಣು ಚಿತ್ರ ನೋಡಿ 'ಎಡಕ್ಕೆ ತಿರುಗು' ಎಂದರೆ, ಕಂಪ್ಯೂಟರ್ ಹಾಗೆ ತಿರುಗಿದ ಕ್ಷಿಪಣಿ ಎಲ್ಲಿರುತ್ತಿತ್ತೆಂದು ಲೆಕ್ಕ ಹಾಕಿ ಮುಂದಿನ ಚಿತ್ರ ಬರೆಯುತ್ತದೆ. ಟ್ಯಾಂಕು ಹತ್ತಿರ ಬರುತ್ತದೆ. ಸಂಜೆಯ ಆ ಕೆಟ್ಟ ಗಳಿಗೆಯನ್ನು ನೂರು ಸಲ ಬೇಕಾದರೂ ತೋರಿಸಬಹುದು.

ಆದರೆ ಮೊದಲು ತೂಕದ ಕಲ್ಲನ್ನೇ ತೂಗಬೇಕಲ್ಲ! ಒಂದೇ ವಿದ್ಯುತ್ ಕೊಟ್ಟರೂ ಹೀಟರುಗಳೆಲ್ಲ ಒಂದೇ ಸಮ ಕಾಯುವುದಿಲ್ಲ. ಒಂದೊಂದನ್ನೂ ಅಳೆದು ಸರಿದೂಗಿಸದಿದ್ದರೆ ಮರುಭೂಮಿಯಲ್ಲಿಲ್ಲದ ಕಲೆಗಳು ಕಣ್ಣಿಗೆ ಕಂಡಾವು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಇದೇ ಪ್ರಾಮಾಣಿಕತೆಯ ಕೆಲಸ. ಇಷ್ಟಾದರೂ, ಬರೆದವರಿಗೆ ಹೊಳೆಯದ ಧೂಳು ಹೊಗೆಯನ್ನು ಯಂತ್ರ ತಾನಾಗಿ ತೋರಿಸದು. ಕೊನೆಯ ಪರೀಕ್ಷೆ ಬಯಲಿನಲ್ಲೇ. ನಾಗ್‌ನ ಅಂತಿಮ ಪ್ರಯೋಗ 2020ರ ಅಕ್ಟೋಬರ್ 22ರಂದು ಪೋಖ್ರಾನ್‌ನಲ್ಲಿ, ನಿಜವಾದ ಸಿಡಿತಲೆಯೊಂದಿಗೆ ನಡೆದು ಗುರಿ ಮುಟ್ಟಿತು. ಆಗ ಸಮಯ ಬೆಳಗಿನ 6.45.