ಉಪ್ಪು ಹಿಟ್ಟಿನ ಬೊಂಬೆಗಳು

ಹಿಟ್ಟನ್ನು ನಾದಿ ರೂಪಕ್ಕೆ ತರುವುದು ನಮ್ಮ ಮನೆಗಳಿಗೆ ಹೊಸ ವಿದ್ಯೆಯೇನೂ ಅಲ್ಲ. ಹಬ್ಬದ ದಿನ ತಂಬಿಟ್ಟನ್ನು ಮಿದ್ದು, ನಡುವೆ ಹೆಬ್ಬೆರಳಿನಿಂದ ಗುಳಿಮಾಡಿ, ತುಪ್ಪದ ಬತ್ತಿಯನ್ನಿಟ್ಟು ಆರತಿ ಬೆಳಗುವ ಗೃಹಿಣಿಯು ತನ್ನನ್ನು ಶಿಲ್ಪಿಯೆಂದು ಎಣಿಸಿಕೊಳ್ಳುವುದಿಲ್ಲ. ಆದರೂ ಆಕೆ ಮಾಡುವುದು ಶಿಲ್ಪವೇ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ಗೌರೀಹುಣ್ಣಿಮೆಗೆ ಸಕ್ಕರೆಯ ಪಾಕವನ್ನು ಅಚ್ಚಿಗೆ ಎರೆದು ಆರತಿಗಳನ್ನು ಸಿದ್ಧಪಡಿಸುವರು. ಮೈಸೂರು ಸೀಮೆಯಲ್ಲಿ ನವರಾತ್ರಿ ಬಂದಿತೆಂದರೆ ಪೆಟ್ಟಿಗೆಯಿಂದ ಪಟ್ಟದ ಬೊಂಬೆಗಳು ಹೊರಬರುವುವು.

ಆದರೆ ಈ ಬೊಂಬೆಹಬ್ಬದಲ್ಲಿ ಮಕ್ಕಳ ಪಾಲಿಗೆ ಬರುವುದೇನು? ಬಹುಮಟ್ಟಿಗೆ “ಮುಟ್ಟಬೇಡ” ಎಂಬ ಮಾತೊಂದೇ. ಬೊಂಬೆಗಳು ಅಂಗಡಿಯಿಂದ ಬಂದವು, ಇಲ್ಲವೆ ಅಜ್ಜಿಯ ಕಾಲದವು. ಒಡೆದರೆ ಮತ್ತೆ ದೊರೆಯವು. ಮಗು ದೂರ ನಿಂತು ನೋಡಿ, ಬೊಂಬೆಬಾಗಿನದ ತಿಂಡಿಯನ್ನು ತಿಂದು, ಮರಳಿ ಮೊಬೈಲನ್ನು ಹಿಡಿದು ಕೂರುವುದು. ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನಾದರೂ ಮನೆಯ ಮಕ್ಕಳಿಗೇ ಬಿಟ್ಟುಕೊಟ್ಟು, ಅವರ ಕೈಯಿಂದಲೇ ಆದ ಬೊಂಬೆಗಳನ್ನು ಅಲ್ಲಿ ಕೂರಿಸಬಾರದೇಕೆ? ಇದಕ್ಕೆ ಒದಗುವ ಸುಲಭವಾದ ವಸ್ತುವೊಂದನ್ನು ಕುರಿತು ಈ ತಿಂಗಳು ಬರೆಯುತ್ತೇವೆ.

ಗೋಧಿಯ ಹಿಟ್ಟು, ಉಪ್ಪು, ನೀರು, ಈ ಮೂರೇ ಇದರ ಸಾಮಗ್ರಿ. ಜರ್ಮನಿಯಲ್ಲಿ ಇದನ್ನು ‘ಸಾಲ್ಟ್ಸ್‌ಟೈಗ್’ ಎನ್ನುವರು. ಉಪ್ಪಿನ ಕಣಕ ಎಂದೇ ಅದರ ಅರ್ಥ. ಕ್ರಿಸ್‌ಮಸ್ಸಿಗೆ ಮುಂಚೆ ಅಲ್ಲಿನ ಮನೆಗಳಲ್ಲಿ ಮಕ್ಕಳು ಈ ಕಣಕದಿಂದ ನಕ್ಷತ್ರ, ಗಂಟೆ ಮುಂತಾದುವನ್ನು ಕತ್ತರಿಸಿ, ಒಣಗಿಸಿ, ದಾರ ಪೋಣಿಸಿ, ಹಬ್ಬದ ಮರಕ್ಕೆ ತೂಗಹಾಕುವುದುಂಟು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ, ಕೀಟೋ ನಗರದ ಉತ್ತರಕ್ಕಿರುವ ಕಾಲ್ದೆರೋನ್ ಎಂಬ ಊರು ಹಿಟ್ಟಿನ ಬಣ್ಣದ ಬೊಂಬೆಗಳಿಗೆ ಹೆಸರಾದುದು. ನವೆಂಬರ್ 2ರಂದು ಮೃತರನ್ನು ನೆನೆಯುವ ದಿನಕ್ಕಾಗಿ ಮಾಡುತ್ತಿದ್ದ ರೊಟ್ಟಿಯ ಬೊಂಬೆಗಳಿಂದ ಆ ಕಸುಬು ಬೆಳೆದು ಬಂದಿತು. ಚೀನಾದ ತುರ್ಫಾನಿನ ಬಳಿ ಅಸ್ತಾನ ಎಂಬಲ್ಲಿಯ ಸಮಾಧಿಗಳಲ್ಲಿ ತಾಂಗ್ ಅರಸರ ಕಾಲದ (618–907) ಹಿಟ್ಟಿನ ಬೊಂಬೆಗಳು ದೊರೆತಿವೆ. ಸಾವಿರ ವರ್ಷಕ್ಕೂ ಮೀರಿ ಅವು ಉಳಿದುಬಂದುದು ಆ ಮರುಭೂಮಿಯ ಒಣಹವೆಯಿಂದ. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಪ್ರಯೋಜನಕ್ಕೆ ಬರುವುದು.

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು ಸಹಜ. ಅನ್ನವನ್ನು ದೇವರೆಂದು ಭಾವಿಸುವ ಮನೆಯಲ್ಲಿ, ಉಣ್ಣುವ ಹಿಟ್ಟನ್ನು ಆಟಕ್ಕೆ ಕೆಡಿಸಬಹುದೆ? ಮೊದಲು ಈ ಮಾತನ್ನಾಡುವವರು ಮನೆಯ ಹಿರಿಯರು. ಅವರ ಮಾತನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಹಸಿವನ್ನು ಕಂಡವರಿಗೆ ಮಾತ್ರ ಹಿಟ್ಟಿನ ಬೆಲೆ ಗೊತ್ತು. ಆದುದರಿಂದ ನಮ್ಮ ಸಲಹೆ ಇಷ್ಟು: ಹೊಸ ಹಿಟ್ಟನ್ನು ಮುಟ್ಟಬೇಡಿ. ಡಬ್ಬಿಯ ತಳದಲ್ಲಿ ಹಳಸಿ ಕಮಟುವಾಸನೆ ಬಂದ ಹಿಟ್ಟು, ಹುಳು ಬಿದ್ದು ಊಟಕ್ಕೆ ಬಾರದೆಂದು ತೆಗೆದಿಟ್ಟ ಮೈದಾ, ಇಂಥವು ಯಾವ ಮನೆಯಲ್ಲಿಲ್ಲ? ಅದನ್ನು ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿಯಾಡಿದರೆ ನಮ್ಮ ಕೆಲಸಕ್ಕೆ ಸಾಕು. ಬೂಸಲು ಹಿಡಿದ ಹಿಟ್ಟನ್ನು ಮಾತ್ರ ಬಳಸಲಾಗದು. ಒಂದು ಸಲಕ್ಕೆ ಬೇಕಾಗುವುದು ಸುಮಾರು ಕಾಲು ಕಿಲೋ, ಎಂದರೆ ಏಳೆಂಟು ಚಪಾತಿಗಳ ಹಿಟ್ಟು. ಅಳತೆಯನ್ನು ಮಗುವಿನ ಎದುರಿಗೇ ಮಾಡಿ, ಇದು ಏಕೆ ಊಟಕ್ಕಾಗದ ಹಿಟ್ಟು ಎಂಬುದನ್ನು ತಿಳಿಸಿದರೆ, ಆಟವು ಅನ್ನದ ಗೌರವವನ್ನು ಕಲಿಸುವ ಪಾಠವೂ ಆಗುವುದು.

ಇನ್ನು ಕ್ರಮವನ್ನು ಹೇಳುತ್ತೇವೆ. ಎರಡು ಲೋಟ ಹಿಟ್ಟಿಗೆ ಒಂದು ಲೋಟ ಪುಡಿಯುಪ್ಪು. ನೀರು ಮುಕ್ಕಾಲು ಲೋಟದಿಂದ ಒಂದು ಲೋಟದವರೆಗೆ. ಕಲ್ಲುಪ್ಪಾದರೆ ನುಣ್ಣಗೆ ಪುಡಿಮಾಡಿಕೊಳ್ಳತಕ್ಕದ್ದು. ಹರಳು ಉಳಿದರೆ ಬೊಂಬೆಯ ಮೈಯೆಲ್ಲ ಗರಗರನಾಗುವುದು. ಹಿಟ್ಟು ಉಪ್ಪುಗಳನ್ನು ಒಣಗಿದ್ದಾಗಲೇ ಚೆನ್ನಾಗಿ ಬೆರಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸುತ್ತ, ಪೂರಿಯ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ನಾದಬೇಕು. ಬಳಿಕ ಒದ್ದೆಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡುವುದು. ಸೋಡವನ್ನಾಗಲಿ, ಸೋಡ ಬೆರೆತ ಹಿಟ್ಟನ್ನಾಗಲಿ ಸೇರಿಸಕೂಡದು; ಒಲೆಯ ಶಾಖಕ್ಕೆ ಬೊಂಬೆಯ ಮುಖವೇ ಉಬ್ಬಿಹೋಗುವುದು.

ಅಕ್ಕಿಹಿಟ್ಟು, ರಾಗಿಹಿಟ್ಟು ಆಗದೆ ಎಂದು ಕೆಲವರು ಕೇಳಬಹುದು. ಗೋಧಿಯಲ್ಲಿ ಗ್ಲೂಟನ್ ಎಂಬ ಅಂಟು ಇದೆ. ನಾದಿದಷ್ಟೂ ಅದು ಎಳೆಯೆಳೆಯಾಗಿ ಹೆಣೆದುಕೊಂಡು ಹಿಟ್ಟನ್ನು ಒಂದಾಗಿ ಹಿಡಿಯುವುದು. ಅಕ್ಕಿ ರಾಗಿಗಳಲ್ಲಿ ಆ ಅಂಟಿಲ್ಲವಾಗಿ, ಅವುಗಳಿಂದ ಮಾಡಿದ ಬೊಂಬೆ ಒಣಗುತ್ತಲೇ ಬಿರಿಯುವುದು. ಉಪ್ಪಿನ ಕೆಲಸ ಬೇರೆ. ಅದು ನೀರಿನಂಶವನ್ನು ತನ್ನತ್ತ ಎಳೆದುಕೊಂಡು, ಹಿಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬಾಳಲು ಅವಕಾಶ ಕೊಡುವುದಿಲ್ಲ. ಉಪ್ಪಿನಕಾಯಿಯ ಜಾಡಿಯಲ್ಲಿ ನಡೆಯುವುದೂ ಇದೇ.

ಉಪಕರಣಗಳನ್ನು ಹುಡುಕಿಕೊಂಡು ಪೇಟೆಗೆ ಹೋಗಬೇಕಾಗಿಲ್ಲ. ಮಣೆ ಲಟ್ಟಣಿಗೆಗಳಿವೆ, ಕರ್ಜಿಕಾಯಿ ಕತ್ತರಿಸುವ ಚಕ್ರವು ಸೀರೆಯ ಅಂಚನ್ನು ಬಿಡಿಸಿಕೊಡುವುದು, ಚಹಾ ಸೋಸುವ ಜಾಲರಿಯ ಮೂಲಕ ಹಿಟ್ಟನ್ನು ಒತ್ತಿದರೆ ಕುರಿಯ ಉಣ್ಣೆ, ಅಜ್ಜನ ಗಡ್ಡ ಎರಡೂ ಸಿದ್ಧ. ಕಣ್ಣಿಗೆ ಮೆಣಸಿನ ಕಾಳು, ಹೂವಿನ ನಡುವಿಗೆ ಲವಂಗ. ಕೆಲಸವಾದೊಡನೆ ಪಾತ್ರೆಗಳನ್ನು ತೊಳೆದು ಒರಸಿಡಿ. ಉಪ್ಪು ಲೋಹವನ್ನು ತಿನ್ನುವುದು.

ಚಪ್ಪಟೆಯಾದ ಆಕೃತಿಗಳು ಕಾಲಂಗುಲಕ್ಕಿಂತ ದಪ್ಪವಿರದಿದ್ದರೆ ಒಳ್ಳೆಯದು. ತೂಗಹಾಕುವುದಕ್ಕೆ ಬೇಕಾದ ರಂಧ್ರವನ್ನು ಹಸಿಯಾಗಿರುವಾಗಲೇ ಕಡ್ಡಿಯಿಂದ ಮಾಡತಕ್ಕದ್ದು. ಕೈಕಾಲುಗಳನ್ನು ಜೋಡಿಸುವಾಗ ಎರಡು ಕಡೆಯೂ ಸ್ವಲ್ಪ ಗೀರಿ, ನೀರು ಸವರಿ ಒತ್ತಬೇಕು. ಬರಿದೆ ಅಂಟಿಸಿದ ಕಾಲು ಒಣಗಿದ ಮೇಲೆ ಕಳಚಿ ಬೀಳುವುದು. ದಪ್ಪ ಬೊಂಬೆಗೆ ಒಳಗೆ ಅಲ್ಯೂಮಿನಿಯಂ ಹಾಳೆಯ ಉಂಡೆಯನ್ನಿಟ್ಟು ಸುತ್ತಲೂ ಹಿಟ್ಟು ಮೆತ್ತಿದರೆ, ಒಳಭಾಗ ಹಸಿಯಾಗಿ ಉಳಿಯುವ ಭಯವಿಲ್ಲ. ಏನು ಮಾಡಬೇಕೆಂದು ತೋಚದಿದ್ದರೆ ಊರ ಸಂತೆಯನ್ನು ಮಾಡಿ: ತರಕಾರಿಯ ಗುಡ್ಡೆ, ಬಾಳೆಗೊನೆ, ಮಡಕೆಯ ಸಾಲು, ಎತ್ತಿನ ಗಾಡಿ. ತೀರ ಚಿಕ್ಕ ಮಗುವಿಗೆ ಅಂಗೈಯಗಲದ ಬಿಲ್ಲೆಯನ್ನು ತಟ್ಟಿಕೊಟ್ಟು, ಅದರ ಮೇಲೆ ಕೈಯೊತ್ತಿಸಿ, ಹಿಂಬದಿಯಲ್ಲಿ ವರ್ಷವನ್ನು ಗೀರಿಡಿ. ಆ ಅಳತೆಯ ಕೈ ಮತ್ತೊಂದು ನವರಾತ್ರಿಗೆ ಇರುವುದಿಲ್ಲ.

ಇಷ್ಟೂ ಸುಲಭ. ಕಠಿಣವಾದುದು ಇನ್ನು ಮುಂದಿದೆ. ಅದು ಹಿರಿಯರಿಗೆ ಸಂಬಂಧಪಟ್ಟುದು. ಮಗು ಆನೆಯನ್ನು ಮಾಡುವುದು. ಅದಕ್ಕೆ ಐದು ಕಾಲಾಯಿತೆಂದು ಮನೆಯವರು ನಗುವರು. ಕೇಳಿ ನೋಡಿದರೆ ಐದನೆಯದು ಸೊಂಡಿಲೆಂದು ತಿಳಿಯುವುದು. ತಾಯಿಗೆ ಕೈ ತಡೆಯದು. “ಇತ್ತ ಕೊಡು, ನಾನು ಸರಿಮಾಡುತ್ತೇನೆ” ಎಂದು ಎತ್ತಿಕೊಂಡು ಎರಡು ಕ್ಷಣದಲ್ಲಿ ಅಂದವಾದ ಆನೆಯನ್ನು ಮಾಡಿಕೊಡುವಳು. ಆನೆ ಚೆಂದವಾಯಿತು, ಆದರೆ ಅದು ಈಗ ಮಗುವಿನದಲ್ಲ. ಮುಂದಿನ ಬೊಂಬೆಯನ್ನು ಮಾಡೆಂದರೆ ಆ ಮಗು, “ನನಗೆ ಬರುವುದಿಲ್ಲ, ನೀನೇ ಮಾಡು” ಎನ್ನುವುದು. ಒಂದು ಸಂಜೆಯಲ್ಲಿ ಆಡಿದ ಆ ಮಾತು ಎಷ್ಟೋ ವೇಳೆ ಶಾಲೆಯ ಲೆಕ್ಕಕ್ಕೂ, ದೊಡ್ಡವರಾದ ಮೇಲೆ ಬದುಕಿನ ಕೆಲಸಕ್ಕೂ ಅಂಟಿಕೊಂಡು ಬರುವುದನ್ನು ನಾವು ಕಂಡಿದ್ದೇವೆ. ಆದಕಾರಣ ತಂದೆತಾಯಿಗಳು ತಮ್ಮ ಪಾಲಿನ ಹಿಟ್ಟಿನಿಂದ ತಮ್ಮ ಬೊಂಬೆಯನ್ನು ತಾವು ಮಾಡಿಕೊಳ್ಳಲಿ. ನೋಡಿ ಕಲಿಯುವುದನ್ನು ಮಗು ಕಲಿಯುವುದು. ಕೇಳಿದರೆ ಮಾತ್ರ ಸಹಾಯ. ಅದೂ ಬಾಯಿಂದ, ಕೈಯಿಂದಲ್ಲ.

ಈ ಕೆಲಸ ಹೆಂಗಸರಿಗೂ ಮಕ್ಕಳಿಗೂ ಮೀಸಲೆಂದು ಗಂಡಸರು ಹೊರಗೆ ಕುಳಿತಿರಬಾರದು. ನಾದುವುದಕ್ಕೆ ತೋಳಿನ ಬಲ ಬೇಕು. ಅದನ್ನು ಅವರು ವಹಿಸಿಕೊಳ್ಳಲಿ. ಒಲೆಯ ಮುಂದೆ ನಿಲ್ಲಲಾರದೆ, ಮನೆಯ ಕೆಲಸಕ್ಕೆ ತಾನಿನ್ನು ಬೇಡವಾದೆನೆಂದು ಒಳಗೊಳಗೇ ನೋಯುವ ಅಜ್ಜಿಯನ್ನು ಮೊದಲು ಕರೆದು ಕೂರಿಸಬೇಕು. ಹಿಟ್ಟು ಹದಕ್ಕೆ ಬಂದಿತೆ ಎಂಬುದನ್ನು ಬೆರಳಿನಿಂದೊತ್ತಿ ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ. ಕರ್ಜಿಕಾಯಿಯ ಅಂಚನ್ನು ಮಡಿಸಿ ಪಳಗಿದ ಆ ಬೆರಳುಗಳು ನಡುಗುತ್ತಿದ್ದರೂ, ಹಿಟ್ಟು ಸಿಕ್ಕೊಡನೆ ತಮ್ಮ ಹಳೆಯ ನಡೆಯನ್ನು ನೆನೆದುಕೊಳ್ಳುವುವು.

ಬೊಂಬೆ ಉಳಿಯುವುದೂ ಕೆಡುವುದೂ ಒಣಗಿಸುವುದರಲ್ಲಿದೆ. ವಿದ್ಯುದೊಲೆಯಿದ್ದವರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎರಡು ಮೂರು ಗಂಟೆ ಇಟ್ಟು, ನಡುವೆ ಒಮ್ಮೆ ಮಗುಚಿಹಾಕಲಿ. ಅವಸರದಿಂದ ಶಾಖ ಹೆಚ್ಚಿಸಿದರೆ ಮೇಲ್ಮೈ ಕಂದಿ, ಒಳಗಿನ ಹಬೆಯಿಂದ ಬಿರುಕು ಬಿಡುವುದು. ಒಲೆಯಿಲ್ಲದವರಿಗೆ ಬಿಸಿಲಿದೆ, ಜಾಲರಿಯ ಮೇಲೆ ಅಥವಾ ಮೊರದಲ್ಲಿ ಹರವಿ, ದಿನಕ್ಕೊಮ್ಮೆ ತಿರುವಿ, ಮಂಜು ಬೀಳುವ ಮುನ್ನ ಒಳಗೆ ತಂದಿಟ್ಟರೆ ಒಂದು ವಾರದಲ್ಲಿ ಒಣಗುವುವು. ಹಿಂಬದಿಯನ್ನು ತಟ್ಟಿದಾಗ ಹಂಚಿನಂತೆ ಶಬ್ದ ಬಂದು, ನಡುವೆ ಕಪ್ಪು ಕಲೆ ಕಾಣದಿದ್ದರೆ ಒಣಗಿತೆಂದು ತಿಳಿಯಬಹುದು.

ಅಸ್ತಾನದ ಬೊಂಬೆಗಳ ಮಾತು ಇಲ್ಲಿ ನೆನಪಿಗೆ ಬರಲಿ. ಗಾಳಿಯಲ್ಲಿಯ ತೇವ ಸುಮಾರು 75 ಶೇಕಡಕ್ಕೆ ಮೀರಿತೆಂದರೆ ಉಪ್ಪು ತಾನಾಗಿ ನೀರೊಡೆಯುವುದು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದು ಇದರಿಂದಲೇ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಯ ತಿಂಗಳುಗಳಲ್ಲಿ ತೇವವು ಈ ಎಲ್ಲೆಯನ್ನು ದಾಟಿಯೇ ಇರುವುದು. ಆಗ ಬೊಂಬೆ ಬೆವತು, ಮೆತ್ತಗಾಗಿ, ಬಣ್ಣ ಬಿಡುವುದು. ಮಂಗಳೂರು, ಕಾರವಾರದವರು ಇದನ್ನು ತಿಳಿದೇ ಕೈಹಾಕಬೇಕು. ಎಲ್ಲ ಕಡೆಯವರೂ ನವರಾತ್ರಿಗೆ ಹದಿನೈದು ದಿನ ಮೊದಲೇ ತೊಡಗುವುದು ಲೇಸು.

ಬಣ್ಣಕ್ಕೆ ಅರಿಸಿನವನ್ನು ಹಿಟ್ಟಿನಲ್ಲಿಯೇ ಕಲಸಬಹುದು. ಆದರೆ ಬಿಸಿಲಿಗೆ ಅದು ಮಾಸುವುದು. ಕಾಫಿಯ ಡಿಕಾಕ್ಷನ್ನು ಸೊಗಸಾದ ಕಂದುಬಣ್ಣ ಕೊಡುವುದು. ಅಂಗಡಿಯ ನೀರುಬಣ್ಣವಾದರೆ ಪೂರ್ತಿ ಒಣಗಿದ ಬೊಂಬೆಗೆ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಒಂದೇ ಸಲ ಬಳಿದರೆ ಮೈ ಕರಗುವುದು. ಕಡೆಗೆ ಮುಂದೆ, ಹಿಂದೆ, ರಂಧ್ರದ ಒಳಗೂ ಬಿಡದೆ ವಾರ್ನಿಷ್ ಸವರತಕ್ಕದ್ದು. ತೇವವನ್ನು ತಡೆಯುವ ಕವಚ ಅದೊಂದೇ. ಆ ಕೆಲಸವನ್ನು ದೊಡ್ಡವರೇ ಕಿಟಕಿ ತೆರೆದು ಮಾಡಲಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಈ ಕಣಕದಲ್ಲಿ ಉಪ್ಪಿನ ತೂಕವೂ ಹಿಟ್ಟಿನ ತೂಕವೂ ಹೆಚ್ಚುಕಡಮೆ ಒಂದೇ. ಇದು ತಿಂಡಿಯಲ್ಲ. ಬಾಯಿಗಿಡುವ ವಯಸ್ಸಿನ ಮಗುವನ್ನು ಇದರೊಡನೆ ಒಂಟಿಯಾಗಿ ಬಿಡಬಾರದು. ಹೆಚ್ಚು ತಿಂದರೆ ರಕ್ತದಲ್ಲಿ ಉಪ್ಪಿನಂಶ ಅಪಾಯಕರವಾಗಿ ಏರುವುದು. ನಾಯಿಗಳಿಗಂತೂ ಇದು ವಿಷಕ್ಕೆ ಸಮಾನ. ಹಸಿಯ ಹಿಟ್ಟಾಗಲಿ, ಒಣಗಿದ ಬೊಂಬೆಯಾಗಲಿ, ತಿಂದ ನಾಯಿ ವಾಂತಿ, ನಡುಕ, ಸೆಳವುಗಳಿಂದ ಸಾಯುವುದೂ ಉಂಟು. ತಿಂದುದು ತಿಳಿದೊಡನೆ ಮನೆಮದ್ದು ಮಾಡುತ್ತ ಕೂರದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಉಳಿದ ಹಿಟ್ಟನ್ನು ಹಸುವಿಗೆ ಹಾಕುವ ಒಳ್ಳೆಯ ಅಭ್ಯಾಸ ನಮ್ಮಲ್ಲಿದೆ. ಈ ಹಿಟ್ಟಿನ ವಿಷಯದಲ್ಲಿ ಅದು ಸಲ್ಲದು. ಗಿಡದ ಬುಡಕ್ಕೂ ಹಾಕಬೇಡಿ, ಬೇರು ಸುಡುವುದು. ಬಿಗಿಯಾದ ಡಬ್ಬಿಯಲ್ಲಿಟ್ಟು ಮರುದಿನ ಬಳಸಿ. ಮಿಕ್ಕುದನ್ನು ಪ್ರಾಣಿಗಳಿಗೆ ನಿಲುಕದಂತೆ ಸುತ್ತಿ ಕಸಕ್ಕೆ ಹಾಕಿ.

ಹಬ್ಬ ಮುಗಿದ ಮೇಲೆ ಈ ಬೊಂಬೆಗಳನ್ನೂ ಪಟ್ಟದ ಬೊಂಬೆಗಳಂತೆಯೇ ಒಂದೊಂದಾಗಿ ಕಾಗದದಲ್ಲಿ ಸುತ್ತಿ, ಒಣಗಿದ ಜಾಗದಲ್ಲಿಡಿ. ಕಲ್ಲಿನಂತೆ, ಸುಟ್ಟ ಮಣ್ಣಿನಂತೆ ಇವು ಬಾಳುವುವೆಂದು ನಾವು ಭರವಸೆ ಕೊಡಲಾರೆವು. ಕೆಲವು ಮುರಿಯುವುವು, ಮುರಿದರೆ ಮತ್ತೆ ಮಾಡಬಹುದೆಂಬುದೇ ಇವುಗಳ ಗುಣ. ನೆಂಟರಿಷ್ಟರು ಬೊಂಬೆ ನೋಡಲು ಬಂದಾಗ, ಮೇಲಿನ ಮೆಟ್ಟಿಲ ರಾಜರಾಣಿಯರ ಜತೆಗೆ ಕೆಳಗಿನ ಮೆಟ್ಟಿಲ ಐದು ಕಾಲಿನ ಆನೆಯನ್ನೂ ತೋರಿಸಿ, ಅದನ್ನು ಮಾಡಿದವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿರಿ.